'ರೇಸ್ ಟು ದ ಟಾಪ್' ಅನುದಾನ ಬೇರೆ ಅನುದಾನಗಳಿಗಿಂತ ಹೇಗೆ ಭಿನ್ನವಾಗಿತ್ತು?

ಶಾಲಾ ಶಿಕ್ಷಣ ಸುಧಾರಿಸಲು ರಾಜ್ಯಗಳಿಗೆ ಹಣ ಕೊಡುವುದಕ್ಕೆ ಅಮೆರಿಕದಲ್ಲಿ ಒಬಾಮಾ ಸರ್ಕಾರ 2009ರಲ್ಲಿ ಶುರು ಮಾಡಿದ ಯೋಜನೆ ಇದು. ಮೊತ್ತ 435 ಕೋಟಿ ಡಾಲರ್. ಸಾಮಾನ್ಯವಾಗಿ ಶಾಲೆಗಳ ಅನುದಾನವನ್ನು ಮಕ್ಕಳ ಸಂಖ್ಯೆ, ಬಡತನ ನೋಡಿ ಹಂಚುತ್ತಾರೆ. ಇಲ್ಲಿ ಹಾಗಲ್ಲ, ರಾಜ್ಯಗಳೇ ಪರೀಕ್ಷೆಗೆ ಕೂತ ಹಾಗೆ. ಅರ್ಜಿಗೆ 500 ಅಂಕ ಇತ್ತು. ಅದರಲ್ಲಿ 138 ಅಂಕ ಶಿಕ್ಷಕರು, ಮುಖ್ಯೋಪಾಧ್ಯಾಯರ ವಿಷಯಕ್ಕೇ: ಅವರನ್ನು ಹೇಗೆ ತಯಾರು ಮಾಡುತ್ತೀರಿ, ಅವರ ಕೆಲಸ ಅಳೆಯುವಾಗ ಮಕ್ಕಳ ಕಲಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಾ ಅಂತ. 2010ರ ಮೊದಲ ಸುತ್ತಿನಲ್ಲಿ ಗೆದ್ದದ್ದು ಡೆಲವೇರ್, ಟೆನೆಸ್ಸಿ ಎರಡೇ.

ತಮಾಷೆ ಅಂದರೆ, ಹೆಚ್ಚು ಅಂಕ ಸಿಗಲಿ ಅಂತ, ದುಡ್ಡು ಸಿಗುವ ಮೊದಲೇ ಎಷ್ಟೋ ರಾಜ್ಯಗಳು ಕಾನೂನು ಬದಲಿಸಿಕೊಂಡವು. ಸೋತವರಿಗೆ ಹೊಸ ನಿಯಮ ಉಳಿಯಿತು, ಹಣ ಮಾತ್ರ ಬರಲಿಲ್ಲ! ಅರ್ಜಿ ಚೆನ್ನಾಗಿ ಬರೆಯಬಲ್ಲವರಿಗೇ ಇದರಲ್ಲಿ ಅನುಕೂಲ ಜಾಸ್ತಿ ಇತ್ತು ಅನ್ನುವ ದೂರು ನನಗೂ ಸರಿ ಅನ್ನಿಸುತ್ತದೆ.