ಹೆಲ್ಮೆಟ್ ದಂಡವನ್ನು ಕರ್ನಾಟಕ ಸರ್ಕಾರ ಇಳಿಸಿದ್ದೇಕೆ?

ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದಾಗ, ಹೆಲ್ಮೆಟ್ ಧರಿಸದವರ ದಂಡ 1000 ರೂಪಾಯಿಗೆ ಏರಿತು. ದಿನಗೂಲಿಯವರಿಗೆ ಅದು ಎರಡು-ಮೂರು ದಿನಗಳ ದುಡಿಮೆ. ರಸ್ತೆಯ ಗುಂಡಿ ಮುಚ್ಚಿಸದವರು ನಮ್ಮ ಜೇಬಿಗೆ ಕೈ ಹಾಕುತ್ತಾರೆಂಬ ಸಿಟ್ಟೂ ಅದಕ್ಕೆ ಸೇರಿತು. ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ದಂಡದ ಮೊತ್ತವನ್ನು ನಿಗದಿಪಡಿಸುವ ಅಧಿಕಾರವನ್ನು ಕಾಯ್ದೆಯ 200ನೇ ಕಲಮು ರಾಜ್ಯಗಳಿಗೆ ಕೊಟ್ಟಿರುವುದರಿಂದ, ಈ ಪ್ರತಿರೋಧಕ್ಕೆ ಮಣಿದು ಮೊದಲು ಗುಜರಾತ್, ಅದೇ ತಿಂಗಳಲ್ಲಿ ಕರ್ನಾಟಕ, ಅದನ್ನು 500ಕ್ಕೆ ಇಳಿಸಿದವು.

ಗುಂಡಿಯ ದೂರು ನ್ಯಾಯವಾದುದೇ, ಆದರೆ ಗುಂಡಿಯಿರುವ ರಸ್ತೆಯಲ್ಲಿಯೇ ಹೆಲ್ಮೆಟ್ಟಿನ ಅಗತ್ಯ ಹೆಚ್ಚೆಂಬುದನ್ನು ಆ ವಾದ ಮರೆಯುತ್ತದೆ. ಇನ್ನೊಂದು ಪ್ರತಿರೋಧ ಸದ್ದಿಲ್ಲದ್ದು: 129ನೇ ಕಲಮು ಪಟ್ಟಿ ಬಿಗಿದ, ಐಎಸ್‌ಐ ಮಾನದಂಡದ ಹೆಲ್ಮೆಟ್ ಕೇಳುತ್ತದೆ, ಸವಾರರಲ್ಲಿ ಹಲವರು ಪೊಲೀಸರು ಕಂಡಾಗಷ್ಟೇ ಅರ್ಧ ಟೋಪಿಯೊಂದನ್ನು ತಲೆಗೇರಿಸಿಕೊಳ್ಳುತ್ತಾರೆ.