‘ಮೀಟಿಂಗ್ ಇದೆ, ಆಮೇಲೆ ಮಾಡ್ತೀನಮ್ಮಾ’

ಪ್ರಶ್ನೆ: ಅಕ್ಕಾ, ನಾನು ಹೊರದೇಶಕ್ಕೆ ಬಂದು ಆರು ವರ್ಷ ಆಯ್ತು, ಒಬ್ಬಳೇ ಇರೋದು. ಪ್ರತಿ ಶನಿವಾರ ಬೆಳಗ್ಗೆ ಹತ್ತಕ್ಕೆ ಅಪ್ಪ ಅಮ್ಮನಿಗೆ ವಿಡಿಯೋ ಕಾಲ್ ಮಾಡ್ತೀನಿ, ಒಂದೂವರೆ ಗಂಟೆ. ‘ಹುಷಾರಾಗಿದ್ದೀಯಾ, ಅಲ್ಲಿ ಚಳಿನಾ’ ಅನ್ನೋದು ಬಿಟ್ರೆ ಮಾತೇ ಇರಲ್ಲ, ಇಬ್ಬರೂ ಒಟ್ಟಿಗೆ ಶುರು ಮಾಡ್ತೀವಿ, ಒಟ್ಟಿಗೆ ನಿಲ್ಲಿಸ್ತೀವಿ. ಮೊದಲ ನಾಲ್ಕು ವರ್ಷ ಇಲ್ಲಿ ನನಗೆ ಅಂತ ಯಾರೂ ಇರಲಿಲ್ಲ. ಈಗ ಐದು ಜನರ ಒಂದು ಗುಂಪಾಗಿದೆ, ಶನಿವಾರ ಬೆಳಗ್ಗೆ ಎಲ್ಲರೂ ಸೇರಿ ವಾಕ್ ಹೋಗ್ತಾರೆ. ಹೋದ ತಿಂಗಳು ನಾನೂ ಹೋದೆ, ಅಮ್ಮನಿಗೆ ‘ಆಫೀಸ್ ಮೀಟಿಂಗ್’ ಅಂದೆ. ಈಗ ಮೂರು ಶನಿವಾರ ಅದನ್ನೇ ಹೇಳಿದ್ದೀನಿ. ‘ರಜಾ ದಿನಾನೂ ದುಡಿಸ್ತಾರಲ್ಲ, ಪಾಪ’ ಅಂತ ಅಮ್ಮ ಅಂದಾಗ ಕರುಳು ಚುರ್ ಅಂತು. ಮುಂದಿನ ತಿಂಗಳು 18 ದಿನ ಊರಿಗೆ ಹೋಗ್ತಿದ್ದೀನಿ, ಯಾರ್ಯಾರ ಮನೆಗೆ ಹೋಗಬೇಕು ಅಂತ ಲಿಸ್ಟ್ ಆಗಲೇ ರೆಡಿ. ಕಾಲೇಜಿನ ಗೆಳತಿ ಒಬ್ಬಳು, ಹೋದ ಸಲ ಬಂದ ಮಾರನೇ ದಿನ ಅವಳನ್ನ ಅರ್ಧ ಗಂಟೆ ಭೇಟಿ ಮಾಡಿ ಆಕಳಿಸ್ಕೊಂಡು ಬಂದೆ ಅಂತ ಮಾತೇ ಬಿಟ್ಟಿದ್ದಾಳೆ. ಎಲ್ಲರಿಗೂ ಸಮನಾಗಿ ಟೈಮ್ ಕೊಡೋದು ಹೇಗಕ್ಕಾ?

ಉತ್ತರ: ನೋಡಮ್ಮಾ, ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೀತೀನಿ. ನಿನ್ನ ಪತ್ರ ಓದ್ತಾ ನನಗೆ ಮೊದಲು ನೆನಪಾಗಿದ್ದು ಕಾಲಿಂಗ್ ಕಾರ್ಡ್, ಊರಿಗೆ ಫೋನ್ ಮಾಡೋಕೆ ಮೊದಲೇ ದುಡ್ಡು ಕೊಟ್ಟು ಕೊಳ್ತಿದ್ದ ಕಾರ್ಡು. ನಾನು ಹೊರಗಿದ್ದ ಹನ್ನೊಂದು ವರ್ಷದಲ್ಲಿ ಮೊದಲರ್ಧ ಅದರಲ್ಲೇ ಕಳೀತು. ಹಿಂದಿನ ಬೆಳ್ಳಿ ಪಟ್ಟೀನ ನಾಣ್ಯದಲ್ಲಿ ಕೆರೆದು ನಂಬರ್ ಒತ್ತಬೇಕಿತ್ತು, ಮಾತಿನ ಮಧ್ಯೆ ಒಬ್ಬ ಹೆಂಗಸಿನ ದನಿ ಬಂದು ಇನ್ನು ಒಂದೇ ನಿಮಿಷ ಅನ್ನೋದು, ಅಮ್ಮ ‘ಸರಿ ಸರಿ, ಹುಷಾರು’ ಅನ್ನೋದರೊಳಗೆ ಕಟ್. ಆ ಹೆಂಗಸನ್ನ ಎಷ್ಟು ಬೈಕೊಂಡಿದ್ದೀನೋ. ಈಗ ಯೋಚಿಸಿದ್ರೆ ಅವಳು ಉಪಕಾರಾನೇ ಮಾಡ್ತಿದ್ಲು ಅನ್ಸುತ್ತೆ, ಫೋನ್ ಇಟ್ಟಿದ್ದು ನಾನಲ್ಲ, ಕಾರ್ಡು. ನಿನಗೆ ಆ ಅನುಕೂಲ ಇಲ್ಲ. ದುಡ್ಡೂ ಮುಗಿಯಲ್ಲ ನಿಮಿಷಾನೂ ಮುಗಿಯಲ್ಲ, ಹಾಗಾಗಿ ‘ಇಡ್ತೀನಮ್ಮಾ’ ಅನ್ನೋದನ್ನ ಪ್ರತಿ ಸಲ ನೀನೇ ಬಾಯಿಬಿಟ್ಟು ಹೇಳಬೇಕು, ಅದು ಬಾಯಿಗೆ ಬರದೇ ಇದ್ದಾಗ ಮೀಟಿಂಗ್ ಅನ್ನೋ ಕಾರ್ಡನ್ನ ನೀನೇ ಮಾಡ್ಕೊಂಡಿದ್ದೀಯ.

ಸಮನಾಗಿ ಹಂಚೋ ವಿಷಯಕ್ಕೆ ಆಮೇಲೆ ಬರ್ತೀನಿ, ಮೊದಲು ಈ ಮೀಟಿಂಗ್ ಕಥೆ ಮುಗಿಸೋಣ.

ಮಗಳು ದೂರದಲ್ಲಿ ಒಬ್ಬಳೇ ಇದ್ದಾಳೆ ಅಂದ್ರೆ ಅಮ್ಮಂದಿರಿಗೆ ರಾತ್ರಿ ನಿದ್ದೆಗೆಡಿಸೋ ಪ್ರಶ್ನೆ ಒಂದೇ, ‘ಅಲ್ಲಿ ಇವಳಿಗೆ ಅಂತ ಯಾರಿದ್ದಾರೆ, ಜ್ವರ ಬಂದ್ರೆ ಯಾರು ನೋಡ್ತಾರೆ’. ನಾಲ್ಕು ವರ್ಷ ಆ ಪ್ರಶ್ನೆಗೆ ನಿನ್ನ ಹತ್ರಾನೂ ಉತ್ತರ ಇರಲಿಲ್ಲ. ಈಗ ಐದು ಜನ ಇದ್ದಾರೆ, ಶನಿವಾರ ಬಾ ಅಂತ ಕರೀತಾರೆ, ಬರದೇ ಇದ್ರೆ ಯಾಕೆ ಬಂದಿಲ್ಲ ಅಂತ ಕೇಳ್ತಾರೆ. ಅಮ್ಮನಿಗೆ ಕೊಡಬಹುದಾದ ಅತಿ ಒಳ್ಳೆ ಸುದ್ದಿ ಅದು, ಅದನ್ನೇ ಬಚ್ಚಿಟ್ಟು, ಬದಲಿಗೆ ರಜಾ ದಿನಾನೂ ಬಿಡದ ಬಾಸ್ ಒಬ್ಬನನ್ನ ಕೊಟ್ಟಿದ್ದೀಯ! ಪಾಪ, ಆ ಮನುಷ್ಯ ಶನಿವಾರ ಮನೇಲಿ ಮಲಗಿರ್ತಾನೆ, ಅಲ್ಲಿ ನಿಮ್ಮಮ್ಮ ಅವನಿಗೆ ಶಾಪ ಹಾಕ್ತಿರ್ತಾರೆ.

ಆ ಗುಂಪಿನ ಜೊತೆ ಕಳೆಯೋ ಟೈಮು ಅಮ್ಮನಿಂದ ಕದ್ದ ಟೈಮು ಅಂತ ನಿನ್ನ ತಲೇಲಿ ಕೂತುಬಿಟ್ಟಿದೆ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನೋ ಪ್ರೊಫೆಸರ್ 2018ರಲ್ಲಿ ಒಂದು ಲೆಕ್ಕ ಕೊಟ್ಟಿದ್ದಾರೆ, ಹೊಸದಾಗಿ ಊರು ಬದಲಾಯಿಸಿದವರನ್ನೇ ಹುಡುಕಿ ಕೇಳಿದ ಲೆಕ್ಕ ಅದು. ಬರೀ ಪರಿಚಯ ಇರೋರು ಒಂದು ಮಟ್ಟಿಗೆ ಫ್ರೆಂಡ್ಸ್ ಆಗೋಕೆ ಸುಮಾರು 50 ಗಂಟೆ ಜೊತೇಲಿ ಕಳೀಬೇಕಂತೆ, ಆಪ್ತರು ಅನ್ನಿಸ್ಕೊಳ್ಳೋಕೆ 200 ಗಂಟೆ ಮೇಲೇನೇ. ಶನಿವಾರಕ್ಕೆ ಎರಡು ಗಂಟೆ ಅಂತ ಹಿಡಿದ್ರೆ 100 ಶನಿವಾರ ಆಯ್ತು, ಹತ್ರಹತ್ರ ಎರಡು ವರ್ಷ. ನೀನಿನ್ನೂ ಮೂರೇ ಶನಿವಾರ ಹೋಗಿರೋದು, ಅದನ್ನೂ ಕಳ್ಳಿ ಥರ. ಹೋಗು, ನೆಟ್ಟಗೆ ಹೋಗು.

ಅಮ್ಮನಿಗೆ ನಿಜ ಹೇಳು. ಅದನ್ನ ದೊಡ್ಡ ತಪ್ಪೊಪ್ಪಿಗೆ ಮಾಡ್ಕೊಂಡು ಕೂತ್ಕೋಬೇಡ, ನೀನು ಅತ್ರೆ ಅವರೂ ಅಳ್ತಾರೆ, ಅಲ್ಲಿಗೆ ವಿಷಯ ಕೆಟ್ಟಿತು. ‘ಅಮ್ಮಾ, ಮೀಟಿಂಗ್ ಅಂದ್ನಲ್ಲ, ಅದು ಸುಳ್ಳು, ಫ್ರೆಂಡ್ಸ್ ಜೊತೆ ವಾಕ್ ಹೋಗಿದ್ದೆ, ನೀನು ಬೇಜಾರ್ ಮಾಡ್ಕೋತೀಯ ಅಂತ ಹೇಳಲಿಲ್ಲ’, ಇಷ್ಟೇ, ಒಂದೇ ಉಸಿರಲ್ಲಿ. ಎರಡು ನಿಮಿಷ ಮುಖ ಊದಿಸ್ತಾರೆ, ಮೂರನೇ ನಿಮಿಷಕ್ಕೆ ‘ಯಾರವರು, ಮದುವೆ ಆಗಿದ್ಯಾ ಅವರಿಗೆಲ್ಲ’ ಅಂತ ಶುರು ಆಗುತ್ತೆ, ಬರೆದಿಟ್ಕೋ. ಮುಂದಿನ ವಾರ ವಾಕಿಂದಾನೇ ಎರಡು ನಿಮಿಷ ಕಾಲ್ ಮಾಡಿ ಆ ಐದೂ ಮುಖ ತೋರಿಸು. ಭಾಷೆ ಬರಲ್ಲ ಅಂತ ಅಮ್ಮ ನಾಚ್ಕೊಂಡು ಕೈ ಬೀಸ್ತಾರೆ, ಸಾಕು, ಅಲ್ಲಿಂದಾಚೆ ನಿಮ್ಮಿಬ್ಬರಿಗೆ ಮಾತಾಡೋಕೆ ಐದು ಜನ ಸಿಕ್ಕಂಗಾಯ್ತು.

ಕಾಲ್ ಟೈಮ್ ಬೇರೆ ದಿನಕ್ಕೆ ಹಾಕು, ಆದ್ರೆ ಅದನ್ನ ನಿನ್ನ ಗಡಿಯಾರದಲ್ಲಿ ಫಿಕ್ಸ್ ಮಾಡಬೇಡ, ಅಮ್ಮನ ಗಡಿಯಾರದಲ್ಲಿ ಮಾಡು. ಇದನ್ನ ನಾನು ಕಲಿತ ಬಗೆ ಹೇಳ್ತೀನಿ. ನಾನಿದ್ದ ಕಡೆ ಚಳಿಗಾಲಕ್ಕೆ ಮುಂಚೆ ಗಡಿಯಾರ ಒಂದು ಗಂಟೆ ಹಿಂದೆ ಹೋಗ್ತಿತ್ತು, ಯುರೋಪಲ್ಲಿ ಅದು ಅಕ್ಟೋಬರ್ ಕೊನೇ ಭಾನುವಾರ, ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ. ನಮ್ಮ ಕಡೆ ಯಾರೂ ಗಡಿಯಾರ ಮುಟ್ಟಲ್ವಲ್ಲ, ನಾನು ಎಂದಿನ ಟೈಮಿಗೇ ಫೋನ್ ಮಾಡಿದ್ದೀನಿ ಅಂದ್ಕೊಂಡಿದ್ದೆ, ಅಲ್ಲಿ ನಮ್ಮಪ್ಪ ಒಂದು ಗಂಟೆಯಿಂದ ಲ್ಯಾಂಡ್‌ಲೈನ್ ಪಕ್ಕ ಕುರ್ಚಿ ಹಾಕ್ಕೊಂಡು, ಬಾತ್‌ರೂಮಿಗೂ ಎದ್ದು ಹೋಗದೆ ಕೂತಿದ್ರಂತೆ. ಅವರು ಏನೂ ಅನ್ನಲಿಲ್ಲ, ಅಮ್ಮ ಆಮೇಲೆ ಹೇಳಿದ್ದು. ಆ ಕುರ್ಚಿ ಈಗಲೂ ನನ್ನ ಕಣ್ಣ ಮುಂದೆ ಬರುತ್ತೆ. ಎದ್ದು ಅಲಾರಂ ಬದಲಾಯಿಸೋ ಕೆಲಸ ವಯಸ್ಸಲ್ಲಿ ಚಿಕ್ಕೋರದ್ದು.

ಇನ್ನು ಮಾತೇ ಇರಲ್ಲ ಅಂದ್ಯಲ್ಲ, ಅದರಲ್ಲಿ ಅರ್ಧ ತಪ್ಪು ನಿಮ್ಮಿಬ್ಬರದ್ದೂ ಅಲ್ಲ. ಎದುರಾಬದುರು ಕೂತು ಮಾತಾಡುವಾಗ ಒಬ್ಬರು ನಿಲ್ಲಿಸೋದಕ್ಕೂ ಇನ್ನೊಬ್ಬರು ಶುರು ಮಾಡೋದಕ್ಕೂ ಮಧ್ಯೆ ಒಂದು ಸೆಕೆಂಡಿನ ಐದರಲ್ಲೊಂದು ಭಾಗ ಅಷ್ಟೇ ಇರೋದು, 2009ರಲ್ಲಿ ಹತ್ತು ಭಾಷೆಗಳಲ್ಲಿ ಅಳೆದು ನೋಡಿದ್ದಾರೆ, ಎಲ್ಲಾ ಕಡೆ ಹೆಚ್ಚುಕಮ್ಮಿ ಅಷ್ಟೇ. ವಿಡಿಯೋ ಕಾಲಲ್ಲಿ ನಿನ್ನ ಮಾತು ಸಮುದ್ರ ದಾಟಿ ಅಲ್ಲಿಗೆ ಮುಟ್ಟಿ ಅವರ ‘ಹೂಂ’ ವಾಪಸ್ ಬರೋದರೊಳಗೆ ಆ ಟೈಮು ಮೀರಿರುತ್ತೆ. ಅಮ್ಮ ಸುಮ್ಮನಾದ್ರು ಅಂತ ನೀನು ಶುರು ಮಾಡ್ತೀಯ, ಅಷ್ಟರಲ್ಲಿ ಅವರೂ ಶುರು ಮಾಡಿರ್ತಾರೆ, ‘ನೀನು ಹೇಳು’ ‘ಇಲ್ಲ ನೀನೇ ಹೇಳು’, ಹೇಳಬೇಕಾಗಿದ್ದು ಮರೆತೇ ಹೋಗಿರುತ್ತೆ. ಇದನ್ನ ನಾವು ಪ್ರೀತಿ ಕಮ್ಮಿ ಆಯ್ತು ಅಂತ ಓದ್ಕೊಂಡುಬಿಡ್ತೀವಿ. ಒಂದೂವರೆ ಗಂಟೆ ಮುಖಕ್ಕೆ ಮುಖ ಕೊಟ್ಟು ಕೂರಬೇಡ, ಇಂಟರ್‌ವ್ಯೂ ಅಲ್ಲ ಅದು. ಫೋನನ್ನ ಗೋಡೆಗೆ ಒರಗಿಸಿಟ್ಟು ನೀನು ಬಟ್ಟೆ ಮಡಚು, ಅವರು ಅವರ ಕೆಲಸ ನೋಡ್ಕೊಳ್ಳಲಿ. ಹತ್ತು ನಿಮಿಷ ಯಾರೂ ಮಾತಾಡದೇ ಇದ್ರೂ ಪರವಾಗಿಲ್ಲ, ಮನೇಲಿದ್ದಾಗ ಏನ್ ಇಡೀ ದಿನ ಮಾತಾಡ್ತಿದ್ರಾ?

ಈಗ ಆ 18 ದಿನ. ಹೋಗಿ ಬರೋಕೆ ಎರಡು ದಿನ ತೆಗಿ. ಟೈಮ್ ಜೋನ್ ದಾಟಿದ ಮೇಲೆ ಮೈಯೊಳಗಿನ ಗಡಿಯಾರ ಸರಿಹೋಗೋದು ದಿನಕ್ಕೆ ಒಂದು ಗಂಟೆ ಲೆಕ್ಕದಲ್ಲಿ, ಪೂರ್ವಕ್ಕೆ ಹೋದ್ರೆ ಇನ್ನೂ ನಿಧಾನ. ಮೊದಲ ನಾಲ್ಕೈದು ದಿನ ನೀನು ಮಧ್ಯಾಹ್ನ ತೂಕಡಿಸಿ ರಾತ್ರಿ ಮೂರಕ್ಕೆ ಕಣ್ಣು ಬಿಟ್ಕೊಂಡು ಕೂತಿರ್ತೀಯ, ಅಂಥಾ ಹೊತ್ತಲ್ಲಿ ನಿನ್ನನ್ನ ತಡ್ಕೊಳ್ಳೋರು ಅಪ್ಪ ಅಮ್ಮ ಮಾತ್ರ, ಹಾಗಾಗಿ ಆ ದಿನಗಳು ಪೂರ್ತಿ ಅವರಿಗೆ, ಹೊಸಿಲು ದಾಟಬೇಡ. ಉಳಿದಿದ್ದು ಹನ್ನೊಂದೋ ಹನ್ನೆರಡೋ ದಿನ. ಅದನ್ನ ಸಮನಾಗಿ ಹಂಚಿದ್ರೆ ತಲೆಗೆ ಅರ್ಧರ್ಧ ಗಂಟೆ ಬರುತ್ತೆ, ಚಪ್ಪಲಿ ಬಿಟ್ಟು ಮತ್ತೆ ಹಾಕ್ಕೊಳ್ಳೋದರಲ್ಲೇ ಅದು ಮುಗೀತು, ಯಾರಿಗೂ ತೃಪ್ತಿ ಇಲ್ಲ, ನಿನಗಂತೂ ಮೊದಲೇ ಇಲ್ಲ. ಸಮ ಅನ್ನೋದನ್ನೇ ಬಿಟ್ಟುಬಿಡು. ಒಂದು ಭಾನುವಾರ ‘ಮನೇಲೇ ಇರ್ತೀನಿ, ಬನ್ನಿ’ ಅಂತ ನೆಂಟರಿಗೆಲ್ಲ ಈಗಲೇ ಹೇಳು. ನಿಜವಾಗಿ ನೋಡಬೇಕು ಅನ್ನೋರು ಬರ್ತಾರೆ, ನಡೆಯೋಕೆ ಆಗದೇ ಇರೋ ಹಿರಿಯರು ಒಬ್ಬಿಬ್ಬರ ಮನೆಗೆ ನೀನೇ ಹೋಗು. ಒಂದಿಬ್ಬರು ಮುನಿಸ್ಕೊಳ್ತಾರೆ, ಮುನಿಸ್ಕೊಳ್ಳಲಿ ಬಿಡು. ಎಲ್ಲರ ಮನೆಗೂ ಹೋಗಿ ಬಂದಾಗಲೂ ಅವರೇ ಮುನಿಸ್ಕೊಂಡಿದ್ದು, ನನ್ನ ಅನುಭವ.

ಗೆಳತಿ ವಿಷಯಕ್ಕೆ ಬೇಕಂತಲೇ ಕೊನೆಗೆ ಬಂದೆ, ನೀನು ಇವತ್ತೇ ಮಾಡಬೇಕಾದ ಕೆಲಸ ಅದೊಂದೇ. ಅವಳಿಗೆ ಬೇಜಾರಾಗಿದ್ದು ಅರ್ಧ ಗಂಟೆಗಲ್ಲಮ್ಮ, ಲಿಸ್ಟಲ್ಲಿ ಒಂದು ಟಿಕ್ ಆಗಿಬಿಟ್ಟೆ ಅಂತ. ಜೆಟ್ ಲ್ಯಾಗ್ ಇತ್ತು ಅಂತ ಸಮಜಾಯಿಷಿ ಕೊಡೋಕೆ ಹೋಗಬೇಡ, ಅದು ನಿಜಾನೇ ಇರಬಹುದು, ಆದ್ರೆ ಮೊದಲ ಮೆಸೇಜಲ್ಲೇ ಬೇಡ. ಟೈಪ್ ಮಾಡಬೇಡ, ವಾಯ್ಸ್ ಮೆಸೇಜ್ ಕಳಿಸು, ನಿನ್ನ ದನಿ ಕೇಳಲಿ. ‘ಹೋದ ಸಲ ನಿನ್ನ ಮುಂದೆ ಕೂತು ಆಕಳಿಸಿದ್ದು ತಪ್ಪಾಯ್ತು ಕಣೇ. ಈ ಸಲ ಎಂಟನೇ ದಿನ ನಿಂದು, ಬೆಳಗ್ಗೆಯಿಂದ ರಾತ್ರಿವರೆಗೆ, ಬೇರೆ ಯಾರಿಗೂ ಕೊಟ್ಟಿಲ್ಲ.’ ತಾರೀಖು ಹೇಳು, ‘ಸಿಗೋಣ’ ಅಂತ ತೇಲಿಸಬೇಡ. ಎರಡು ನೀಲಿ ಟಿಕ್ ಬಿದ್ದು ಉತ್ತರ ಬರದೇ ಇರಬಹುದು, ಒಂದು ವಾರ ಬರದೇ ಇರಬಹುದು. ಆದ್ರೂ ಆ ಎಂಟನೇ ದಿನಾನ ಇನ್ಯಾರಿಗೂ ಕೊಡಬೇಡ, ಬೆಳಗ್ಗೆ ರೆಡಿಯಾಗಿ ಹೋಗಿ ಅವಳ ಮನೆ ಬಾಗಿಲು ತಟ್ಟು. ಬೈದ್ರೆ ಒಳಗೆ ಕೂತ್ಕೊಂಡು ಬೈಸ್ಕೋ.