ತೀರ್ಪು ತಪ್ಪಿತು ಎನ್ನಿಸಿದಾಗ ಪ್ರೇಕ್ಷಕರು ಏನು ಮಾಡಬೇಕು?

ಈ ಸಂಚಿಕೆಗೆ ಆಯ್ದುಕೊಂಡ ಪ್ರಶ್ನೆಗಳೆಲ್ಲ ಪ್ರೌಢಶಾಲಾ ಪಂದ್ಯಗಳ ತೀರ್ಪುಗಾರಿಕೆ ಮತ್ತು ಅಂಗಳದ ಸುತ್ತಲಿನ ನಡವಳಿಕೆಗೆ ಸಂಬಂಧಿಸಿದವು. ನಾನು ಆಟಗಾರನೂ ಅಲ್ಲ, ತೀರ್ಪುಗಾರನೂ ಅಲ್ಲ. ಗೆರೆಯ ಆಚೆ ನಿಂತು ಶಾಲಾ ಮಕ್ಕಳ ಆಟವನ್ನು ಪ್ರೀತಿಯಿಂದ ನೋಡುತ್ತ ಬಂದ ಪ್ರೇಕ್ಷಕ. ಉತ್ತರಗಳನ್ನೂ ಆ ಜಾಗದಿಂದಲೇ ಬರೆದಿದ್ದೇನೆ.

ಪ್ರಶ್ನೆ: ನನ್ನ ಮಗಳು ಒಂಬತ್ತನೆಯ ತರಗತಿಯಲ್ಲಿದ್ದು, ಶಾಲೆಯ ಕಬಡ್ಡಿ ತಂಡದಲ್ಲಿ ರೈಡರ್ ಆಗಿದ್ದಾಳೆ. ಅಂತರಶಾಲಾ ಪಂದ್ಯವೊಂದರ ಕೊನೆಯ ನಿಮಿಷದಲ್ಲಿ ಅವಳು ಬೋನಸ್ ಗೆರೆ ದಾಟಿದ್ದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಅಂಪೈರ್ ಮಾತ್ರ ಅಂಕ ಕೊಡಲಿಲ್ಲ. ತಂಡ ಒಂದೇ ಅಂಕದಿಂದ ಸೋತಿತು. ಅಂಪೈರ್ ಆಗಿದ್ದವರು ಎದುರಾಳಿ ಶಾಲೆಯ ಶಿಕ್ಷಕರೇ. ಪೋಷಕರೆಲ್ಲ ಸೇರಿ ಗಟ್ಟಿಯಾಗಿ ಪ್ರತಿಭಟಿಸಿದಾಗ, ಮಕ್ಕಳ ಮುಂದೆ ಕೂಗಾಡಬೇಡಿ ಎಂದು ನಮ್ಮನ್ನೇ ಗದರಿಸಿದರು. ಅನ್ಯಾಯವಾದಾಗ ಬಾಯಿ ಮುಚ್ಚಿಕೊಂಡಿರಬೇಕೆಂದು ಮಕ್ಕಳಿಗೆ ಕಲಿಸಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ತೀರ್ಪು ತಪ್ಪಾಗಿತ್ತು ಎಂಬುದು ಒಂದು, ತೀರ್ಪು ಕೊಡುವ ಜಾಗದಲ್ಲಿ ತಪ್ಪು ವ್ಯಕ್ತಿ ನಿಂತಿದ್ದರು ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ನನಗೆ ನಿಮ್ಮಷ್ಟು ಖಚಿತತೆ ಇಲ್ಲ. ಎರಡನೆಯದರಲ್ಲಿ ನಾನು ಪೂರ್ತಿಯಾಗಿ ನಿಮ್ಮ ಪಕ್ಷ.

ಬೋನಸ್ ಅಂಕ ಸಿಗಬೇಕಾದರೆ ಎದುರಾಳಿ ಅಂಗಳದಲ್ಲಿ ಕನಿಷ್ಠ 6 ಮಂದಿ ರಕ್ಷಣಾ ಆಟಗಾರರು ಇರಬೇಕು. ರೈಡರ್‌ನ ಒಂದು ಪಾದ ಬೋನಸ್ ಗೆರೆಯನ್ನು ಪೂರ್ತಿಯಾಗಿ ದಾಟಿ ನೆಲ ಮುಟ್ಟಿದಾಗ ಇನ್ನೊಂದು ಪಾದ ಗಾಳಿಯಲ್ಲಿರಬೇಕು. ಕೊನೆಯ ನಿಮಿಷದ ಹೊತ್ತಿಗೆ ಎದುರಾಳಿ ತಂಡದಲ್ಲಿ 5 ಮಂದಿ ಮಾತ್ರ ಉಳಿದಿದ್ದರೆ, ಗೆರೆ ಎಷ್ಟು ಚೆನ್ನಾಗಿ ದಾಟಿದರೂ ಬೋನಸ್ ಇಲ್ಲ. 6 ಮಂದಿ ಇದ್ದರು ಎಂದೇ ಇಟ್ಟುಕೊಳ್ಳೋಣ. ಆಗಲೂ ಹೊರಗೆ ನಿಂತ ನಾವೆಲ್ಲ ನೋಡುವುದು ಮುಂದೆ ಚಾಚಿದ ಪಾದವನ್ನು; ಅಂಪೈರ್ ನೋಡಬೇಕಾದದ್ದು ಹಿಂದಿನ ಪಾದದ ಹೆಬ್ಬೆರಳು ನೆಲ ಬಿಟ್ಟಿತೇ ಎಂಬುದನ್ನು. ಕ್ಷಣಾರ್ಧದಲ್ಲಿ ನಡೆಯುವ ಆ ಚಲನೆ, ಅಂಗಳದ ಮೂಲೆಯಲ್ಲಿ ಎರಡು ಸಾಲು ಜನರ ಹಿಂದೆ ನಿಂತವರಿಗೆ ಕಾಣುವುದು ಅಪರೂಪ. ನಿಮ್ಮ ಮಗಳನ್ನೇ ಸಮಾಧಾನವಾಗಿ ಕೇಳಿ ನೋಡಿ. ಹಿಂದಿನ ಕಾಲು ಎತ್ತಿದ್ದೇನೋ ಇಲ್ಲವೋ ಎಂಬುದು ಒಳ್ಳೆಯ ರೈಡರ್‌ಗೆ ಸಾಮಾನ್ಯವಾಗಿ ಗೊತ್ತಿರುತ್ತದೆ.

'ನಾವೆಲ್ಲ ಕಂಡೆವು' ಎಂಬ ಮಾತಿನಲ್ಲಿ ಸುಳ್ಳಿಲ್ಲ, ಆದರೆ ಅದು ಸಾಕ್ಷ್ಯವೂ ಅಲ್ಲ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ವಿದ್ಯಾರ್ಥಿ ತಂಡಗಳ ನಡುವೆ ತೀರಾ ಒರಟಾದ ಒಂದು ಅಮೆರಿಕನ್ ಫುಟ್‌ಬಾಲ್ ಪಂದ್ಯ ನಡೆಯಿತು. ಒಂದು ಕಡೆಯ ಆಟಗಾರನ ಮೂಗು ಮುರಿಯಿತು, ಇನ್ನೊಂದು ಕಡೆಯವನ ಕಾಲು ಮುರಿಯಿತು. ಬಳಿಕ ಇಬ್ಬರು ಮನಶ್ಶಾಸ್ತ್ರಜ್ಞರು ಆ ಪಂದ್ಯದ ಒಂದೇ ಚಿತ್ರಸುರುಳಿಯನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ, ನಿಯಮಭಂಗಗಳನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಅದರದೇ ವಿದ್ಯಾರ್ಥಿಗಳಿಗೆ ಕಂಡದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಗಿ ಪ್ರಿನ್ಸ್‌ಟನ್ನಿನವರಿಗೆ ಕಂಡವು. 1954ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಭಾಗವಹಿಸಿದವರಿಗೆ ಗೆಲ್ಲುವುದಕ್ಕಾಗಲಿ ಸೋಲುವುದಕ್ಕಾಗಲಿ ಏನೂ ಉಳಿದಿರಲಿಲ್ಲ, ಪಂದ್ಯ ಎಂದೋ ಮುಗಿದುಹೋಗಿತ್ತು. ಹಾಗಿರುವಾಗ, ಹೆತ್ತ ಮಗಳು ಉಸಿರು ಕಟ್ಟಿ ಓಡುತ್ತಿರುವುದನ್ನು ನೋಡುವ ತಾಯಿತಂದೆಯರ ಕಣ್ಣು ಪಕ್ಷ ವಹಿಸದೆ ಇದ್ದೀತೇ?

ಎರಡನೆಯ ದೂರಿಗೆ ಬರೋಣ. ಆಡುತ್ತಿರುವ ಶಾಲೆಯ ಶಿಕ್ಷಕರು ಆ ಪಂದ್ಯಕ್ಕೆ ತೀರ್ಪುಗಾರರಾಗಬಾರದು. ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ, ಅವರು ಕೊಟ್ಟ ಸರಿಯಾದ ತೀರ್ಪೂ ಅನುಮಾನಕ್ಕೆ ಗುರಿಯಾಗುತ್ತದೆ. ಅದು ಆ ಶಿಕ್ಷಕರಿಗೂ ಮಾಡುವ ಅನ್ಯಾಯ. ಆದರೆ ಈ ಆಕ್ಷೇಪಣೆಗೆ ಸರಿಯಾದ ಹೊತ್ತು ಟಾಸ್‌ಗೆ ಮುಂಚಿನದು. ತೀರ್ಪುಗಾರರು ಯಾರೆಂದು ತಿಳಿದ ಕೂಡಲೇ ನಿಮ್ಮ ತಂಡದ ವ್ಯವಸ್ಥಾಪಕರು ಸಂಘಟಕರ ಬಳಿಗೆ ಹೋಗಿ, ಮೂರನೆಯ ಶಾಲೆಯವರನ್ನು ನಿಲ್ಲಿಸಿ ಎಂದು ಕೇಳಬೇಕಿತ್ತು. ಬೇರೆಯವರು ಸಿಗದಿದ್ದರೆ ಕೊನೆಯ ಪಕ್ಷ ಎರಡು ಶಾಲೆಗಳಿಂದ ಒಬ್ಬೊಬ್ಬರಂತೆ ಇಬ್ಬರು ಅಂಪೈರ್‌ಗಳನ್ನು ಎರಡು ಬದಿಗೆ ನಿಲ್ಲಿಸಿ, ರೆಫರಿಯ ಸ್ಥಾನಕ್ಕೆ ಇಬ್ಬರಿಗೂ ಒಪ್ಪಿಗೆಯಾದವರನ್ನು ತರಬಹುದು. ಮೊದಲು ಒಪ್ಪಿಕೊಂಡು, ಸೋತ ಮೇಲೆ ಎತ್ತಿದ ಆಕ್ಷೇಪಣೆಗೆ ಬಲ ಇರುವುದಿಲ್ಲ. ಆದರೂ ಈಗ ಬರೆದು ಕೊಡಿ. ಫಲಿತಾಂಶ ಬದಲಾಗದು, ಮುಂದಿನ ಪಂದ್ಯಾವಳಿಯ ನೇಮಕಾತಿ ಬದಲಾಗಬಹುದು.

ಸುಮ್ಮನಿರುವುದನ್ನು ಕಲಿಸಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಪ್ರಶ್ನಿಸುವ ಕ್ರಮವನ್ನು ಕಲಿಸಬೇಕು, ಮತ್ತು ಆ ಕ್ರಮ ಆಟದೊಳಗೇ ಇದೆ. ಅಂತರರಾಷ್ಟ್ರೀಯ ವಾಲಿಬಾಲ್ ನಿಯಮವನ್ನು ನೋಡಿ. ಚೆಂಡು ಆಟದಲ್ಲಿ ಇಲ್ಲದಿರುವಾಗ ನಾಯಕಿ, ನಾಯಕಿ ಮಾತ್ರ, ಮೊದಲ ರೆಫರಿಯ ಬಳಿ ನಿಯಮದ ವಿವರಣೆ ಕೇಳಬಹುದು. ವಿವರಣೆ ಒಪ್ಪಿಗೆಯಾಗದಿದ್ದರೆ, ಪಂದ್ಯ ಮುಗಿದ ಮೇಲೆ ಸ್ಕೋರ್ ಶೀಟಿನಲ್ಲಿ ಪ್ರತಿಭಟನೆ ದಾಖಲಿಸುವ ಹಕ್ಕನ್ನು ಕಾಯ್ದಿರಿಸಿಕೊಳ್ಳುತ್ತೇನೆ ಎಂದು ಅಲ್ಲೇ ತಿಳಿಸಬಹುದು. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಕೈ ಹಿಂದೆ ಕಟ್ಟಿಕೊಂಡು, ದನಿ ಏರಿಸದೆ, 'ಸರ್, ಎದುರು ಎಷ್ಟು ಮಂದಿ ಇದ್ದರು ಎಂದು ಸ್ಕೋರರ್ ಬಳಿ ಒಮ್ಮೆ ಕೇಳುತ್ತೀರಾ?' ಎಂದು ಕೇಳುವುದನ್ನು ಕಲಿತರೆ, ಅವಳು ಅನ್ಯಾಯದ ಎದುರು ನಿಲ್ಲುವುದನ್ನೇ ಕಲಿತಂತೆ. ಆದರೆ ಆ ಹೊತ್ತಿಗೆ ಗೆರೆಯಾಚೆಯಿಂದ ನಲವತ್ತು ದೊಡ್ಡವರು ಕೂಗುತ್ತಿದ್ದರೆ ಅವಳ ಪ್ರಶ್ನೆ ಯಾರ ಕಿವಿಗೂ ಬೀಳುವುದಿಲ್ಲ. ನಿಮ್ಮ ಕೂಗಿನ ಬಗ್ಗೆ ನನ್ನ ದೊಡ್ಡ ತಕರಾರು ಇದು: ಪ್ರಶ್ನಿಸುವ ಹಕ್ಕಿದ್ದ ಒಬ್ಬಳ ದನಿಯನ್ನು ಅದು ಮುಳುಗಿಸಿತು.

ಪ್ರಶ್ನೆ: ನಾನು ಶಾಲೆಯ ಫುಟ್‌ಬಾಲ್ ತಂಡದ ಬೆಂಬಲಿಗ. 'ರೆಫರಿಯ ಮೇಲೆ ಒತ್ತಡ ಇರಲಿ, ಪ್ರತಿ ಫೌಲ್‌ಗೂ ಕೂಗಿ' ಎಂದು ನಮ್ಮ ತರಬೇತುದಾರರೇ ಹೇಳುತ್ತಾರೆ. ಕೂಗಿದರೆ ನಿಜವಾಗಿಯೂ ತೀರ್ಪು ಬದಲಾಗುತ್ತದೆಯೇ?

ಉತ್ತರ: ಬದಲಾಗುತ್ತದೆ. ಇಲ್ಲ ಎಂದು ಹೇಳಿ ನಿನ್ನನ್ನು ಒಪ್ಪಿಸುವುದು ನನಗೆ ಸುಲಭವಾಗುತ್ತಿತ್ತು, ಆದರೆ ಅದು ನಿಜವಲ್ಲ. 2002ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೊಂದರಲ್ಲಿ, ಅರ್ಹತೆ ಪಡೆದ 40 ಮಂದಿ ರೆಫರಿಗಳಿಗೆ ಒಂದೇ ಪಂದ್ಯದ ದೃಶ್ಯಗಳನ್ನು ತೋರಿಸಿದರು. ಕೆಲವರಿಗೆ ಪ್ರೇಕ್ಷಕರ ಸದ್ದು ಕೇಳಿಸಿತು, ಉಳಿದವರು ಸದ್ದಿಲ್ಲದೆ ನೋಡಿದರು. ಸದ್ದು ಕೇಳಿಸಿಕೊಂಡವರು ಆತಿಥೇಯ ತಂಡದ ವಿರುದ್ಧ ಶೇ. 15.5ರಷ್ಟು ಕಡಿಮೆ ಫೌಲ್ ಕೊಟ್ಟರು. ಪಳಗಿದ ರೆಫರಿಗಳು ಶಾಂತವಾಗಿ ಕುಳಿತು ವಿಡಿಯೊ ನೋಡಿದಾಗಲೇ ಹೀಗಾದರೆ, ನಿಮ್ಮ ಅಂಗಳದಲ್ಲಿ ಸಹಾಯಕರಿಲ್ಲದೆ ಒಬ್ಬನೇ ಓಡಾಡುವ ಹೊಸ ರೆಫರಿಯ ಗತಿ ಏನೆಂದು ಯೋಚಿಸು.

ಕೂಗು ಫಲ ಕೊಡುತ್ತದೆ ಎಂಬ ಕಾರಣಕ್ಕೇ ಅದು ತಪ್ಪು. ಹತ್ತು ಮಂದಿಯನ್ನು ಕರೆತಂದ ಶಾಲೆಗಿಂತ ಇನ್ನೂರು ಮಂದಿಯನ್ನು ಕರೆತಂದ ಶಾಲೆಯ ವಿರುದ್ಧ ಕಡಿಮೆ ಫೌಲ್ ಬಂದರೆ, ಮಕ್ಕಳು ಬೆಳಗಿನ ಜಾವ ಎದ್ದು ಮಾಡಿದ ಅಭ್ಯಾಸಕ್ಕೆ ಬೆಲೆ ಎಲ್ಲಿಯದು? ನಿಮ್ಮ ತರಬೇತುದಾರರು ಹೇಳಿಕೊಡುತ್ತಿರುವುದು ಆಟವನ್ನಲ್ಲ. ಈ ಮಾತನ್ನು ಅವರ ಎದುರು ಹೇಳಲು ನಿನಗೆ ಸಂಕೋಚವಾದರೆ ಈ ಪುಟವನ್ನು ತೋರಿಸು.

ನಿಮ್ಮವರನ್ನು ಹುರಿದುಂಬಿಸಲು ಎಷ್ಟು ಬೇಕಾದರೂ ಕೂಗು. ಆ ಗದ್ದಲವಿಲ್ಲದ ಪಂದ್ಯ ನನಗೂ ಸಪ್ಪೆ. ಒಳ್ಳೆಯ ಪಾಸ್‌ಗೆ, ಗೋಲ್‌ಕೀಪರ್ ಹಿಡಿದ ಚೆಂಡಿಗೆ, ಸೋಲುತ್ತಿದ್ದರೂ ಬೆನ್ನಟ್ಟಿ ಓಡುವ ಹುಡುಗನಿಗೆ ಕೂಗು. ಎದುರಾಳಿಯ ಮೈಬಣ್ಣ, ಮೈಕಟ್ಟು, ಮನೆತನಗಳನ್ನು ಹಿಡಿದು ಹಂಗಿಸುವವರು ಪಕ್ಕದಲ್ಲಿದ್ದರೆ ಅವರ ಜೊತೆ ನಿಲ್ಲಬೇಡ. ಅಂಥ ಮಾತು ಕೇಳಿಬಂದ ಕೂಡಲೇ ಆಟ ನಿಲ್ಲಿಸಿ, ಆಡಿದವರನ್ನು ಅಂಗಳದಿಂದ ಹೊರಗೆ ಕಳಿಸಿದ ಮೇಲಷ್ಟೇ ಮುಂದುವರಿಸಬೇಕು. ಈ ವಿಷಯದಲ್ಲಿ ನನಗೆ ಯಾವ ರಾಜಿಯೂ ಒಪ್ಪಿಗೆಯಿಲ್ಲ.

ಪ್ರಶ್ನೆ: ತೀರ್ಪುಗಾರರೊಂದಿಗೆ ವಾದಕ್ಕಿಳಿಯುವ ವಿದ್ಯಾರ್ಥಿಗಳನ್ನು ತಿದ್ದಲು ಕಾರ್ಡುಗಳಿಂದ ಪ್ರಯೋಜನವಿದೆಯೇ?

ಉತ್ತರ: ಇದೆ, ಅದರಲ್ಲೂ ಆಟಗಾರನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುವ ಕ್ರಮಕ್ಕೆ. ಕಬಡ್ಡಿಯಲ್ಲಿ ಹಸಿರು ಕಾರ್ಡ್ ಎಂದರೆ ಎಚ್ಚರಿಕೆ, ಹಳದಿ ಎಂದರೆ 2 ನಿಮಿಷ ಹೊರಗೆ, ಕೆಂಪು ಎಂದರೆ ಪಂದ್ಯದಿಂದಲೇ ಹೊರಗೆ. ಇಂಗ್ಲೆಂಡಿನ ತಳಮಟ್ಟದ ಫುಟ್‌ಬಾಲ್‌ನಲ್ಲಿ ರೆಫರಿಗೆ ಎದುರು ಮಾತಾಡಿದವನನ್ನು 10 ನಿಮಿಷ ಹೊರಗೆ ಕಳಿಸುವ ಪದ್ಧತಿಯನ್ನು ಮೊದಲು 31 ಲೀಗ್‌ಗಳಲ್ಲಿ ಪರೀಕ್ಷಿಸಿದರು. ಅಂಥ ವಾದಗಳು ಒಟ್ಟಾರೆ ಶೇ. 38ರಷ್ಟು ಇಳಿದವು ಎಂದು ಅಲ್ಲಿನ ಫುಟ್‌ಬಾಲ್ ಸಂಸ್ಥೆ ಪ್ರಕಟಿಸಿ, 2019–20ರ ಋತುವಿನಿಂದ ಅದನ್ನು ವ್ಯಾಪಕವಾಗಿ ಜಾರಿಗೆ ತಂದಿತು. ಹದಿಹರೆಯದವರ ಕೋಪ ಬೇಗ ಏರಿ ಬೇಗ ಇಳಿಯುವಂಥದ್ದು, ಅದಕ್ಕೆ ಈ ಮದ್ದು ಹೊಂದುತ್ತದೆ. ಪ್ರೇಕ್ಷಕರಿಗೆ ಕಾರ್ಡಿಲ್ಲ. ಅವರನ್ನು ನೋಡಿಕೊಳ್ಳುವ ಹೊಣೆಯನ್ನು ಪ್ರತಿ ಶಾಲೆಯೂ ಒಬ್ಬ ಶಿಕ್ಷಕರಿಗೆ ಹೆಸರು ಸಹಿತ ವಹಿಸಬೇಕು. ರೆಫರಿಯ ತಲೆಗೆ ಅದನ್ನೂ ಕಟ್ಟಬಾರದು.

ಪ್ರಶ್ನೆ: ನನಗೀಗ ಇಪ್ಪತ್ತು ವರ್ಷ. ಶಾಲಾ ದಿನಗಳಲ್ಲಿ ವಾಲಿಬಾಲ್ ಆಡುತ್ತಿದ್ದೆ. ಈಗ ತೀರ್ಪುಗಾರಳಾಗುವ ಆಸೆ ಇದೆ, ಆದರೆ ಪೋಷಕರ ಬೈಗುಳ ನೆನೆದರೆ ಹೆದರಿಕೆಯಾಗುತ್ತದೆ. ಈ ದಾರಿ ಹಿಡಿಯಬಹುದೇ?

ಉತ್ತರ: ದಯವಿಟ್ಟು ಹಿಡಿಯಿರಿ. ನಿಮ್ಮ ಹೆದರಿಕೆಗೆ ಕಾರಣವಿದೆ. ಅಮೆರಿಕದಲ್ಲಿ 2018–19ರ ನಂತರದ ಕೆಲವೇ ವರ್ಷಗಳಲ್ಲಿ ಸುಮಾರು 50,000 ಮಂದಿ ಪ್ರೌಢಶಾಲಾ ತೀರ್ಪುಗಾರರು ಆ ಕೆಲಸ ಬಿಟ್ಟರೆಂದು ಅಲ್ಲಿನ ಪ್ರೌಢಶಾಲಾ ಕ್ರೀಡಾ ಒಕ್ಕೂಟ ಹೇಳಿದೆ. ಸಾಂಕ್ರಾಮಿಕ ರೋಗದ ಕಾಲವೂ ಅದರಲ್ಲಿ ಸೇರಿದೆ ನಿಜ, ಆದರೆ ಪ್ರೇಕ್ಷಕರ ಮತ್ತು ಪೋಷಕರ ನಡವಳಿಕೆಯನ್ನು ಒಕ್ಕೂಟ ಮತ್ತೆ ಮತ್ತೆ ಮುಖ್ಯ ಕಾರಣವಾಗಿ ಎತ್ತಿ ತೋರಿಸಿದೆ. ಅನುಭವಿಗಳು ಬಿಟ್ಟುಹೋದ ಜಾಗಕ್ಕೆ ಅನನುಭವಿಗಳು ಬರುತ್ತಾರೆ, ತೀರ್ಪು ಇನ್ನಷ್ಟು ತಪ್ಪುತ್ತದೆ, ಬೈಗುಳ ಇನ್ನಷ್ಟು ಹೆಚ್ಚುತ್ತದೆ. ತೀರ್ಪಿನ ಗುಣಮಟ್ಟ ಕುಸಿದಿದೆ ಎಂದು ದೂರುವ ನಮ್ಮಂಥ ಪ್ರೇಕ್ಷಕರಿಗೆ ಈ ಕುಸಿತದಲ್ಲಿ ಪಾಲಿದೆ.

ಒಮ್ಮೆಲೇ ಎತ್ತರದ ಕುರ್ಚಿ ಏರಬೇಡಿ. ಮೊದಲು ಸ್ಕೋರರ್ ಆಗಿ ಕುಳಿತು ಶೀಟು ತುಂಬುವುದನ್ನು ಕಲಿಯಿರಿ. ಆಮೇಲೆ ಬಾವುಟ ಹಿಡಿದು ಲೈನ್ ಜಡ್ಜ್ ಆಗಿ ನಿಲ್ಲಿ: ಚೆಂಡು ಒಳಗೆ ಬಿದ್ದರೆ ಬಾವುಟ ಕೆಳಗೆ, ಹೊರಗೆ ಬಿದ್ದರೆ ಮೇಲೆ, ಬ್ಲಾಕ್ ಮಾಡಿದವರ ಬೆರಳು ಸವರಿ ಹೊರಗೆ ಹೋದರೆ ಎತ್ತಿದ ಬಾವುಟದ ತುದಿಯ ಮೇಲೆ ಇನ್ನೊಂದು ಅಂಗೈ. ಈ ಮೂರನೆಯದನ್ನು ಅನುಮಾನವಿಲ್ಲದೆ ತೋರಿಸಲು ಬಂದ ದಿನ ನಿಮ್ಮ ಕಣ್ಣು ಪಳಗಿದೆ ಎಂದು ತಿಳಿಯಿರಿ. ಮೊದಲ ಪಂದ್ಯಗಳಿಗೆ ಹಿರಿಯ ತೀರ್ಪುಗಾರರೊಬ್ಬರು ಎರಡನೆಯ ರೆಫರಿಯಾಗಿ ಎದುರಿಗೆ ನಿಲ್ಲಬೇಕೆಂದು ಸಂಘಟಕರನ್ನು ಕೇಳಿಕೊಳ್ಳಿ. ಇದು ನಿಮ್ಮ ಹಕ್ಕೆಂದೇ ತಿಳಿದು ಕೇಳಿ. ಸೀಟಿ ಗಟ್ಟಿಯಾಗಿ, ಒಂದೇ ಸಲ ಊದಿ. ಅಳುಕುತ್ತ ಊದಿದ ಸೀಟಿಗೆ ಸರಿಯಾದ ತೀರ್ಪೂ ಬಲಿಯಾಗುತ್ತದೆ. ನಾಯಕಿ ಬಂದು ಕೇಳಿದರೆ ಒಂದು ವಾಕ್ಯದಲ್ಲಿ ಕಾರಣ ಹೇಳಿ. ಪ್ರೇಕ್ಷಕರು ಕೇಳಿದರೆ ಉತ್ತರಿಸಲೇಬೇಡಿ. ಯಾರಾದರೂ ನಿಂದಿಸಿದರೆ ಅಲ್ಲಿ ವಾದಕ್ಕಿಳಿಯದೆ, ಪಂದ್ಯ ಮುಗಿದ ಕೂಡಲೇ ಯಾವ ಸೆಟ್, ಯಾವ ಅಂಕ, ಯಾವ ಬದಿಯಿಂದ ಯಾವ ಮಾತು ಬಂತು ಎಂಬುದನ್ನು ಸ್ಕೋರ್ ಶೀಟಿನ ಷರಾ ಭಾಗದಲ್ಲಿ ಇದ್ದದ್ದು ಇದ್ದಂತೆ ಬರೆದು, ಸಹಿ ಹಾಕಿ, ಸಂಘಟಕರಿಗೆ ಒಪ್ಪಿಸುವ ಮುನ್ನ ಅದರ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.